ಅರವತ್ತೆರಡು ಮೊಟ್ಟೆ ಟ್ರೇ

“ಟ್ರೇಗಳೆಲ್ಲಿ?” ಎಂದಳು ಲತಾ. ಅಪ್ಪನನ್ನು ಮಲಗಿಸಿದ್ದ ಸ್ಟ್ರೆಚರಿನ ಒಂದು ಹಿಡಿ ಇನ್ನೂ ಅವಳ ಕೈಯಲ್ಲೇ ಇತ್ತು.

ಆಂಬುಲೆನ್ಸಿನಿಂದ ಇಳಿಸಿದ ಕೆಂಪಯ್ಯನ ದೇಹ ಅರ್ಧ ಹೊಸ್ತಿಲೊಳಗೆ, ಅರ್ಧ ಬೀದಿಯಲ್ಲಿ ನಿಂತುಬಿಟ್ಟಿತು. ಹಿಂದೆ ಹಿಡಿದವರು ಮುಂದಕ್ಕೆ ನೂಕುತ್ತಿದ್ದರು. ಲತಾ ಕಾಲು ಕಿತ್ತಿಡಲಿಲ್ಲ. ಕಾಮಾಕ್ಷಿಪಾಳ್ಯದ ಈ ಮನೆಯ ಮುಂದಿನ ರೂಮಿನಲ್ಲಿ ಇಷ್ಟೊಂದು ನೆಲವಿದೆ ಎಂಬುದನ್ನು ಮೂವತ್ತೇಳು ವರ್ಷದಲ್ಲಿ ಅವಳು ಕಂಡಿರಲಿಲ್ಲ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ, ಹಲಗೆ ಸಾಲದೆ ನೆಲದ ಮೇಲೆ, ಸಾಲುಸಾಲಾಗಿ ಹರಡಿಕೊಂಡಿದ್ದ ಅರವತ್ತೆರಡು ಮೊಟ್ಟೆ ಟ್ರೇಗಳಲ್ಲಿ ಒಂದೂ ಇರಲಿಲ್ಲ. ಒರೆಸಿದ ಕೆಂಪು ನೆಲ ಹೊಳೆಯುತ್ತಿತ್ತು.

“ನಡಿಯವ್ವ, ಕೈ ಸೋತೋಯ್ತದೆ,” ಎಂದ ಹಿಂದಿನಿಂದ ಸೋದರಮಾವ ಸುಬ್ರಮಣಿ.

ತಮ್ಮ ರೇವಂತ್ ಓಡಿಬಂದು ಅವಳ ಕೈಯಿಂದ ಹಿಡಿ ತೆಗೆದುಕೊಂಡ. “ಎಲ್ಲಾ ಎತ್ತಿಟ್ಟಿದೀನಿ ಕಣಕ್ಕ. ಅಪ್ಪನ್ನ ಮಲಗ್ಸಕ್ಕೆ ಜಾಗ ಬೇಡ್ವಾ? ಬೆಳಿಗ್ಗೆ ಆರಕ್ಕೆ ಕೂತಿದ್ದು, ಎಂಟಕ್ಕೆ ಮುಗೀತು.”

“ಎತ್ತಿಟ್ಟಿದೀನಿ ಅಂದ್ರೆ?”

“ಚೀಲಕ್ಕೆ ಸುರಿದೆ. ನಾಲ್ಕು ಚೀಲ ಆಯ್ತು. ಒಂದೂ ಬಿಸಾಕಿಲ್ಲ, ನಿನ್ನಾಣೆ. ನೆಲಕ್ಕೆ ಬಿದ್ದಿದ್ದನ್ನೂ ಗುಡಿಸಿ, ಜರಡಿ ಹಿಡಿದು ಹಾಕಿದೀನಿ.”

ಅವನ ಬೆರಳ ತುದಿಗಳೆಲ್ಲ ಗ್ರೀಸಿನಿಂದ ಕಪ್ಪಾಗಿದ್ದವು. ಜರಡಿ ಹಿಡಿದದ್ದು ನಿಜವೇ ಇರಬೇಕು.

ಕೆಂಪಯ್ಯ ಸೈಕಲ್ ರಿಪೇರಿಯವನು, ಆದರೆ ಪಂಕ್ಚರ್ ಹಾಕುವವನಲ್ಲ. ಗೇರ್ ಸೈಕಲ್ಲಿನ ಹಿಂದಿನ ಚಕ್ರದ ಪಕ್ಕ ನೇತಾಡುತ್ತ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್ ಇದೆಯಲ್ಲ, ಬೀದಿಯಲ್ಲಿ ಎಲ್ಲರೂ ಬರೀ ಗೇರು ಅನ್ನುತ್ತಾರಲ್ಲ, ಅದರ ಕೆಲಸವೊಂದೇ ಅವನದು. ಅದೂ ಐವತ್ತು ಅರವತ್ತು ವರ್ಷ ಹಳೆಯವು. ಅಂಥ ಗೇರಿನಿಂದ ಒಂದು ಸ್ಕ್ರೂ ಬಿದ್ದುಹೋದರೆ ಈಗ ಯಾವ ಅಂಗಡಿಯಲ್ಲೂ ಸಿಕ್ಕುವುದಿಲ್ಲ. ಬಿದ್ದುಹೋದದ್ದು ಯಾವುದೆಂದು ಗುರುತು ಹಿಡಿದು, ಅದರದ್ದೇ ಜೋಡಿ ಹುಡುಕಿ ಹಾಕಬೇಕು. ಕೆಂಪಯ್ಯ ನಲವತ್ತು ವರ್ಷ ಗುಜರಿಗಳಲ್ಲಿ ಮುರಿದ ಗೇರುಗಳನ್ನು ಆರಿಸಿ ತಂದ, ಬಿಚ್ಚಿದ, ಬಿಚ್ಚಿದ್ದನ್ನು ಟ್ರೇಗಳ ಗುಳಿಯಲ್ಲಿಟ್ಟ. ಒಂದು ಟ್ರೇಗೆ ಮೂವತ್ತು ಗುಳಿ. ಒಂದೊಂದು ಗುಳಿಗೆ ಒಂದೊಂದು ಬಗೆ. ಇಂಗ್ಲಿಷ್ ಓದಲು ಬಾರದ್ದರಿಂದ ಟ್ರೇಯ ಅಂಚಿನಲ್ಲಿ ಬಣ್ಣದ ಪೆನ್ಸಿಲ್ಲಿನಿಂದ ತನ್ನದೇ ಗುರುತು ಹಾಕಿಕೊಂಡಿದ್ದ. ಫ್ರಾನ್ಸಿನದಕ್ಕೆ ವೀಳ್ಯದೆಲೆ. ಇಟಲಿಯದಕ್ಕೆ ಕಾಗೆಕಾಲು. ಜಪಾನಿನದಕ್ಕೆ ಮೀನು. ಅದರ ಕೆಳಗೆ ಚುಕ್ಕಿ, ಗೀಟು, ಸೊನ್ನೆ.

ಆ ಗುರುತುಗಳನ್ನು ಓದಬಲ್ಲವರು ಇಬ್ಬರೇ ಇದ್ದರು. ಒಬ್ಬನನ್ನು ಈಗ ತೆಂಕಣ ಗೋಡೆಯ ಕಡೆ ತಲೆ ಮಾಡಿ ಮಲಗಿಸುತ್ತಿದ್ದರು. ಇನ್ನೊಬ್ಬಳು ಲತಾ, ಅದೂ ಪೂರ್ತಿಯಾಗಿ ಅಲ್ಲ.

*

ಲತಾ ಹದಿನಾಲ್ಕು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದಳು. ಗಂಡನ ಮನೆ ಬಿಟ್ಟು ಬಂದಮೇಲೆ ಆ ಕೆಲಸವೇ ಅವಳ ಕಾಲು. ಹೋದ ವರ್ಷ ಫ್ಯಾಕ್ಟರಿಯನ್ನು ಎತ್ತಿಕೊಂಡು ಎಲ್ಲಿಗೋ ಹೋದರು. ಬೇರೆ ಕಡೆ ಕೇಳಿದಾಗ ಸೂಪರ್‌ವೈಸರ್ ಎಂಬ ಹುಡುಗ ಅವಳ ಮುಖ ನೋಡದೆ, “ಮೂವತ್ತೈದು ದಾಟಿದೋರು ಸ್ಪೀಡ್ ಕೊಡಲ್ಲ ಆಂಟಿ,” ಅಂದಿದ್ದ.

ಮೂರು ವಾರ ಮನೆಯಲ್ಲಿ ಕೂತಳು. ಒಂದು ದಿನ ಕೆಂಪಯ್ಯ ಕಿಟಕಿಯ ಪಕ್ಕದ ತನ್ನ ಮಣೆಯಿಂದ ಕೂಗಿದ. “ಬಾ ಇಲ್ಲಿ. ಇದ್ರಲ್ಲಿ ಏನಿಲ್ಲ ಹೇಳು.”

ಕೈಗೆ ಒಂದು ಗೇರು ಕೊಟ್ಟ. ಅವಳು ಹಿಂದೆ ಮುಂದೆ ತಿರುಗಿಸಿದಳು. “ಇಲ್ದೇ ಇರೋದು ನಂಗೆ ಹೆಂಗಪ್ಪ ಕಾಣ್ತದೆ?”

“ಬೆಳಕಿಗೆ ಹಿಡಿ. ಇಲ್ಲಿ ಅರ್ಧ ಚಂದ್ರ ಹೊಳೀತಾ ಐತಲ್ಲ, ಯಾಕೆ? ಸುತ್ತ ಎಲ್ಲಾ ಮಂಕು, ಇಷ್ಟೇ ಇಷ್ಟು ಯಾಕೆ ಹೊಳೀಬೇಕು?”

ಅವಳು ಗೇರನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಹಿಡಿದಳು.

“ಒಂದು ಸ್ಕ್ರೂ ತಲೆ ಇಲ್ಲಿ ಬಂದು ದಿನಾ ಉಜ್ತಾ ಇತ್ತು. ತಲೆ ಎಷ್ಟಗಲ ಅಂತ ಆ ಚಂದ್ರನೇ ಹೇಳ್ತದೆ. ಈಗ ತೂತಿನ ಥ್ರೆಡ್ಡು ನೋಡ್ಬೇಕು.” ಬಟ್ಟೆ ಸೋಪನ್ನು ಕಡ್ಡಿಯಂತೆ ಹೆರೆದು ತೂತಿಗೆ ತುರುಕಿ ಮೆಲ್ಲಗೆ ತಿರುಗಿಸಿ ತೆಗೆದ. ಸೋಪಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳು ಮೂಡಿದ್ದವು. “ಎಣಿಸು. ಗಾರ್ಮೆಂಟ್ಸಲ್ಲಿ ಹೊಲಿಗೆ ಎಣಿಸಿದೋಳಲ್ವಾ ನೀನು.”

ಅವಳು ಎಣಿಸಿದಳು. ಅವನು ಎದ್ದು ಹೋಗಿ, ವೀಳ್ಯದೆಲೆಯ ಟ್ರೇಯಿಂದ ರಾಗಿಕಾಳಿಗಿಂತ ಚೂರು ದೊಡ್ಡ ಸ್ಕ್ರೂ ತಂದು ಬೆರಳಲ್ಲೇ ತಿರುಗಿಸಿದ. ಎಣ್ಣೆಯಲ್ಲಿ ಇಳಿದಂತೆ ಇಳಿಯಿತು. ಕಾಗೆಕಾಲಿನ ಟ್ರೇಯಿಂದ ಇನ್ನೊಂದು ತಂದ. ಕಣ್ಣಿಗೆ ಎರಡೂ ಒಂದೇ. “ಇದು ಇಟಲಿದು. ಒತ್ತಿ ತಿರುಗಿಸಿದ್ರೆ ಇದೂ ಹೋಯ್ತದೆ. ಆದ್ರೆ ಅಲ್ಯುಮಿನಿಯಂ ನೋಡು, ಒಳಗಿನ ಥ್ರೆಡ್ಡೆಲ್ಲ ಪುಡಿ ಆಯ್ತದೆ. ಆಮೇಲೆ ದೇವರು ಬಂದ್ರೂ ರಿಪೇರಿ ಇಲ್ಲ.”

ಹಾಗೆ ಶುರುವಾದದ್ದು. ಎಂಟು ತಿಂಗಳಲ್ಲಿ ಅವಳು ಇಲ್ಲದಿರುವುದನ್ನು ನೋಡಲು ಕಲಿತಳು. ತುಕ್ಕಿನ ಉಂಗುರ ನೋಡಿ ವಾಷರಿನ ಅಳತೆ ಹೇಳುವಳು. ಗೀರು ನೋಡಿ ಸ್ಪ್ರಿಂಗಿನ ಬಾಲ ಯಾವ ಕಡೆಗಿತ್ತೆಂದು ಹೇಳುವಳು. ಆದರೆ ಗುರುತು ಹಿಡಿದ ಮೇಲೆ ಅದು ಯಾವ ಟ್ರೇಯ ಯಾವ ಗುಳಿಯಲ್ಲಿದೆ ಎಂದು ಅಪ್ಪನೇ ಹೇಳಬೇಕಿತ್ತು. ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಲು ಕೂತಳು. ಏಳು ಟ್ರೇ ಮುಗಿದಿತ್ತು. “ಏನವಸರ, ಟ್ರೇ ಎಲ್ಲಿಗೂ ಓಡೋಗಲ್ಲ,” ಎನ್ನುತ್ತಿದ್ದ ಅವನು.

*

ಟಾರು ರಸ್ತೆಗೆ ಗೂಟ ಹೊಡೆಯಲಾಗದ್ದರಿಂದ ಶಾಮಿಯಾನದವನು ನಾಲ್ಕು ಕಂಬಗಳ ಬುಡಕ್ಕೆ ರೇವಂತ್ ತುಂಬಿಟ್ಟಿದ್ದ ನಾಲ್ಕು ಸಿಮೆಂಟ್ ಚೀಲ ಕಟ್ಟಿದ್ದ. ಚೀಲಗಳು ಅರ್ಧಕ್ಕಿಂತ ಕಮ್ಮಿ ತುಂಬಿದ್ದವು. ಆದರೂ ಕಂಬ ಅಲುಗುತ್ತಿರಲಿಲ್ಲ.

“ಒಳ್ಳೆ ತೂಕ ಐತೆ,” ಎಂದು ಸುಬ್ರಮಣಿ ಒಂದನ್ನು ಕಾಲಿನಿಂದ ಒದ್ದು ನೋಡಿದ. ಸಾವಿನ ಮನೆಯ ಕೆಲಸವೆಂದರೆ ಅವನೇ ಮುಂದೆ. ಯಾರು ಎಲ್ಲಿ ನಿಲ್ಲಬೇಕು, ಬಿದಿರು ಎಷ್ಟುದ್ದ, ತಮಟೆಯವರು ಯಾವಾಗ, ಎಲ್ಲ ಅವನ ನಾಲಿಗೆಯ ಮೇಲೆ. ಮನೆಯ ಮುಂದೆ ಮೂರು ಕಲ್ಲು ಹೂಡಿ, ಸ್ನಾನಕ್ಕೆ ಹಂಡೆ ನೀರು ಕಾಯಲು ಇಟ್ಟಿದ್ದೂ ಅವನೇ. ಸೌದೆ ಹಸಿ. ಹೊಗೆ ಬೀದಿ ತುಂಬಿತ್ತು. ಸುಬ್ರಮಣಿ ಪಕ್ಕದ ರಾಶಿಯಿಂದ ಬೂದು ಬಣ್ಣದ ರಟ್ಟೊಂದನ್ನು ಎಳೆದು, ಮುರಿದು, ಒಲೆಗೆ ತುರುಕಿದ. ಭಗ್ಗನೆ ಹತ್ತಿಕೊಂಡಿತು.

ಲತಾ ಹೊಸ್ತಿಲಿನಿಂದ ಇಳಿದು ಓಡಿದಳು.

“ಮಾವ, ಅದು ಟ್ರೇ.”

“ಖಾಲಿ ಟ್ರೇ ಕಣವ್ವ. ಇದಿಲ್ದಿದ್ರೆ ನೀರು ಸಂಜೆಗೂ ಕಾಯ್ತಿರ್ಲಿಲ್ಲ.”

ರಾಶಿಯಲ್ಲಿ ಉಳಿದಿದ್ದವು ನಾಲ್ಕೇ ನಾಲ್ಕು. ಅವಳು ಅವನ್ನು ತಿರುಗಿಸಿದಳು. ಮೂರರ ಅಂಚು ಮೊದಲೇ ಹರಿದುಹೋಗಿತ್ತು. ಒಂದರ ಮೇಲೆ ಮೀನಿನ ಬಾಲ ಕಾಣುತ್ತಿತ್ತು, ಅದರ ಕೆಳಗೆ ಎರಡು ಚುಕ್ಕಿ. ಎರಡು ಚುಕ್ಕಿ ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅದು ಏಳರಾಚೆಯದು. ಅವಳು ಒಲೆಯೊಳಗೆ ಕೈ ಚಾಚಿ, ಉರಿಯುತ್ತಿದ್ದ ಒಂದನ್ನು ಎಳೆದಳು. ಅದು ಕೈಗೆ ಬಂದು ಬೂದಿಯಾಯಿತು.

ಸುತ್ತ ನಿಂತವರು ನೋಡುತ್ತಿದ್ದರು. “ಪಾಪ, ಮಗಳಿಗೆ ತಲೆ ಕೆಟ್ಟಿದೆ,” ಅಂದರು ಯಾರೋ.

ಬಾಗಿಲಲ್ಲಿ ಕೂತಿದ್ದ ತಾಯಿ ವಿಮಲಮ್ಮ ಅಳು ನಿಲ್ಲಿಸಿ ನೆಟ್ಟಗೆ ಅವಳನ್ನೇ ನೋಡಿದಳು. “ಲತಾ, ಬಿಡು ಅದನ್ನ. ನಿಮ್ಮಪ್ಪ ಕಾಯ್ತಾ ಅವ್ರೆ.”

“ಅಮ್ಮ, ನಿಂಗೂ ಗೊತ್ತಿತ್ತಲ್ಲ. ಒಂದು ಮಾತು ಹೇಳ್ಬಾರ್ದಿತ್ತಾ ಅವ್ನಿಗೆ?”

“ನಲವತ್ತು ವರ್ಷ ಈ ಮನೇಲಿ ಅಡ್ಡಡ್ಡ ಕಾಲಿಟ್ಕೊಂಡು ನಡೆದಿದೀನಿ ಕಣೇ. ಒಂದು ಗುಳಿ ಅಲುಗಿದ್ರೆ ಮೂರು ದಿನ ಮಾತಾಡ್ತಿರ್ಲಿಲ್ಲ ಆ ಮನುಷ್ಯ. ಇವತ್ತೊಂದಿನ ನೆಟ್ಟಗೆ ನಡೆಯಕ್ಕೆ ಬಿಡು.”

ಬೈಯಲು ಒಬ್ಬನಾದರೂ ಕೆಟ್ಟವನು ಸಿಕ್ಕಿದ್ದರೆ ಸಾಕಿತ್ತು. ಲತಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬೆಳಗಿನಿಂದ ಕಾಫಿ ಕುಡಿಯದೆ ಓಡಾಡುತ್ತಿದ್ದ ಮಾವ. ಜರಡಿ ಹಿಡಿದ ತಮ್ಮ. ಅತ್ತು ಕಣ್ಣು ಊದಿದ ತಾಯಿ. ಎಲ್ಲರೂ ಕೆಂಪಯ್ಯನಿಗಾಗಿಯೇ ಮಾಡಿದ್ದರು.

ಅಪ್ಪನನ್ನು ಹಲಗೆಯ ಮೇಲೆ ಕೂರಿಸಿ ಮಗ ಬೆನ್ನಿಗೆ ಆತುಕೊಂಡ. ಚೊಂಬು ಅವಳ ಕೈಗೆ ಬಂತು. ನೀರು ಹದವಾಗಿ ಕಾದಿತ್ತು. ಅವಳು ಹುಯ್ದಳು.

*

ಹನ್ನೊಂದರ ಹೊತ್ತಿಗೆ ಒಬ್ಬ ಮುದುಕರು ಸೈಕಲ್ ತಳ್ಳಿಕೊಂಡು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪ್ಯಾಂಟಿನ ತುದಿಗೆ ಕ್ಲಿಪ್ಪು. ಸೈಕಲ್ಲಿನ ಹಿಂದಿನ ಚಕ್ರದ ಹತ್ತಿರ ಗೇರಿರಲಿಲ್ಲ. ಜೋಲುಬಿದ್ದ ಚೈನನ್ನು ಟ್ವೈನು ದಾರದಿಂದ ಎತ್ತಿ ಕಟ್ಟಿದ್ದರು.

ರೇವಂತನ ಜೊತೆ ಟೆಂಪೋ ಓಡಿಸುವ ಒಬ್ಬ ಹೇಳಿದ. “ಅಂಗಡಿ ಇವತ್ತು ಬಂದ್ ಸಾರ್. ಸೋಮವಾರ ಬನ್ನಿ.” ಹೇಳಿದ ಮೇಲೆ ಅವನಿಗೇ ಏನೋ ಅನ್ನಿಸಿ ತಲೆ ಕೆರೆದುಕೊಂಡ. “ಸೋಮವಾರನೂ ಬಂದೇ ಸಾರ್. ಅವ್ರು ಹೋಗ್ಬಿಟ್ರು.”

ಮುದುಕರು ತಮಟೆಯವರನ್ನು, ಬಿದಿರನ್ನು, ಒಳಗೆ ಕಾಣುತ್ತಿದ್ದ ಪಾದಗಳನ್ನು ನೋಡಿದರು. ಸೈಕಲ್ಲನ್ನು ಎಲ್ಲಿ ಒರಗಿಸುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತು, ಕೊನೆಗೆ ಶಾಮಿಯಾನದ ಕಂಬಕ್ಕೆ, ಚೀಲಕ್ಕೆ ಚಕ್ರ ಆನಿಸಿ ನಿಲ್ಲಿಸಿದರು. ಅವರು ಸೇತುರಾಮ, ಬಸವೇಶ್ವರನಗರದ ರಿಟೈರ್ಡ್ ಮೇಷ್ಟ್ರು. ಎಪ್ಪತ್ತೆಂಟು ವರ್ಷ. ಇಪ್ಪತ್ತು ದಿನದಿಂದ ಕೆಂಪಯ್ಯನಿಗೆ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದವರು.

“ಶುಕ್ರವಾರ ಅವರೇ ಫೋನ್ ಮಾಡಿದ್ರು,” ಎಂದರು ಲತಾಳ ಹತ್ತಿರ ಬಂದು, ತಪ್ಪು ಮಾಡಿದವರ ಹಾಗೆ. “ಸಿಕ್ತು ಮೇಷ್ಟ್ರೇ, ಭಾನುವಾರ ಬನ್ನಿ ಅಂದ್ರು. ಅದಕ್ಕೆ ಬಂದೆ. ನನಗೇನೂ ತಿಳೀಲಿಲ್ಲಮ್ಮ.”

“ಸಾರ್, ನಿಮ್ಮ ಗೇರು...”

“ಅಯ್ಯೋ, ಈಗೇನದು. ಎಲ್ಲ ಮುಗೀಲಿ, ಹದಿನೈದು ದಿನ ಬಿಟ್ಟು ಬರ್ತೀನಿ. ಹೇಗೂ ಹುಡುಕಿಟ್ಟಿದ್ದಾರಲ್ಲ, ನೀವೇ ಜೋಡಿಸಿಕೊಡಿ. ಮಗಳ ಕಣ್ಣು ನನ್ನ ಕಣ್ಣಿಗಿಂತ ಚೂಪು ಅಂತಿದ್ರು.”

ಲತಾ ಕಂಬಗಳ ಕಡೆ ಕೈ ತೋರಿಸಿದಳು. ತೋರಿಸಿದ್ದೇನೆಂದು ಅವರಿಗೆ ತಿಳಿಯಲು ಹೊತ್ತು ಹಿಡಿಯಿತು.

“ಯಾವ ಚೀಲದಲ್ಲಿ?” ಎಂದರು ಮೆಲ್ಲಗೆ.

“ಗೊತ್ತಿಲ್ಲ ಸಾರ್. ನಾಲ್ಕರಲ್ಲೂ ಇರಬೋದು.”

ಸೇತುರಾಮ ತಲೆಯಾಡಿಸಿದರು. ಹೋಗಿ ಹೂವಿನ ಹಾರ ತಂದು, ಕೆಂಪಯ್ಯನ ಎದೆಯ ಮೇಲಿಟ್ಟು, ಕೈ ಮುಗಿದು ನಿಂತರು. ಮನೆಗೆ ಹೋಗಲಿಲ್ಲ.

*

ಆ ಶುಕ್ರವಾರ ಕೆಂಪಯ್ಯ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಮೇಷ್ಟ್ರ ಗೇರನ್ನು ಬಿಚ್ಚಿ ಹನ್ನೊಂದು ತುಂಡು ಮಾಡಿ ಹೊಸ ಟ್ರೇಯೊಂದರಲ್ಲಿ ಹರಡಿದ್ದ. ಬೇಕಾಗಿದ್ದುದು ಹನ್ನೆರಡನೆಯದು, ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಒಂದು ಪುಟ್ಟ ಮೊಳೆ. ಮೂರು ಗಂಟೆಗೆ ಐವತ್ತೊಂದನೆಯ ಟ್ರೇಯಲ್ಲಿ ಅದು ಸಿಕ್ಕಿತು. ಯಾವಾಗಲೂ ಹುಡುಕಿದ್ದು ಸಿಕ್ಕರೆ ಅವನು ನಾಲಿಗೆಯ ಮೇಲಿಟ್ಟುಕೊಂಡು ಕಿಟಕಿಗೆ ಬರುತ್ತಿದ್ದ, ಬೆರಳಿಂದ ಜಾರಿದರೆ ಕಷ್ಟವೆಂದು. ಆವತ್ತೂ ಹಾಗೇ ಬಂದ. ಬಾಯಿ ತೆರೆದು ನಾಲಿಗೆ ಚಾಚಿ ಲತಾಳಿಗೆ ತೋರಿಸಿದ.

ಅವಳು ನಕ್ಕಳು. “ನುಂಗ್ಬಿಟ್ಟೀಯ ಕಣಪ್ಪ.”

ಅವನು ಮೊಳೆಯನ್ನು ಹನ್ನೆರಡನೆಯ ಗುಳಿಗೆ ಹಾಕಿ, ಟ್ರೇಯನ್ನು ಅವಳ ಮುಂದೆ ಸರಿಸಿದ. “ನಾಳೆ ನೀನೇ ಕೂಡಿಸು. ಶುರುವಿಂದ ಕೊನೇವರ್ಗೂ. ನಾನು ಮುಟ್ಟಲ್ಲ, ಬಾಯೂ ಬಿಡಲ್ಲ.”

“ಕೆಟ್ಟೋದ್ರೆ?”

“ಕೆಟ್ರೆ ಮೇಷ್ಟ್ರು ನಿನ್ನ ಬೆಂಚ್ ಮೇಲೆ ನಿಲ್ಲಿಸ್ತಾರೆ. ನನ್ನನ್ನಲ್ಲ.”

ಶನಿವಾರ ಬೆಳಿಗ್ಗೆ ಹಲ್ಲುಜ್ಜುವಾಗ ಅವನ ಎದೆ ಹಿಡಿದುಕೊಂಡಿತು. ರೇವಂತ್ ಚೀಲ ಹಿಡಿದು ಕೂರುವವರೆಗೆ ಟ್ರೇ ಮಣೆಯ ಮೇಲೆ ಹಾಗೇ ಉಳಿಯಿತು.

*

ಎರಡು ಗಂಟೆಗೆ ತಮಟೆ ಶುರುವಾಯಿತು. ಬೆಂಕಿಯ ಮಡಕೆ ಹಿಡಿದು ರೇವಂತ್ ಮುಂದೆ ನಡೆದ. ಹೆಂಗಸರು ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗಿದರು. ಮನೆ ತೊಳೆದು, ಹೆಣದ ತಲೆಯಿದ್ದ ಜಾಗದಲ್ಲಿ ದೀಪ ಹಚ್ಚುವುದು ಲತಾಳ ಪಾಲಿಗೆ ಬಂತು. ತೊಳೆದಳು. ಬಾಗಿಲ ಹಿಂದೆ, ತೆಂಕಣ ಗೋಡೆಯ ಬುಡದಲ್ಲಿ ದೀಪವಿಟ್ಟಳು. ತಾಯಿ ಒಳಗಿನ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಹೊರಗೆ ಶಾಮಿಯಾನದವನು ಆಗಲೇ ಬಟ್ಟೆ ಇಳಿಸುತ್ತಿದ್ದ. “ಗೋವಿಂದರಾಜನಗರದಲ್ಲಿ ಇನ್ನೊಂದು ಮನೆ ಕಾಯ್ತಾ ಇದೆ ಅಕ್ಕ, ಬೇಜಾರ್ ಮಾಡ್ಕೋಬೇಡಿ.” ಕಂಬ ಕಿತ್ತುಕೊಂಡು ಹೋದ. ನಡುರಸ್ತೆಯಲ್ಲಿ ನಾಲ್ಕು ಚೀಲ ಉಳಿದವು. ಆಟೋದವರು ಹಾರ್ನ್ ಹೊಡೆಯತೊಡಗಿದರು.

ಲತಾ ಒಂದರ ಬಾಯಿ ಹಿಡಿದು ಎಳೆದಳು. ಸೇತುರಾಮ ಇನ್ನೊಂದು ಮೂಲೆ ಹಿಡಿದರು.

“ಬಿಡಿ ಸಾರ್, ನಿಮ್ಮ ಕೈಲಾಗಲ್ಲ.”

“ನಿಮ್ಮ ಕೈಲೂ ಆಗಲ್ಲಮ್ಮ. ಎಳೀರಿ.”

ಮೂರನ್ನು ಮನೆಯ ಗೋಡೆಯ ಪಕ್ಕಕ್ಕೆ ತಂದರು. ಅಲ್ಲಿ ಬಿಟ್ಟರೆ ಗುಜರಿ ಆಯುವವರು ಹೊತ್ತುಕೊಂಡು ಹೋದಾರು ಎಂದು ಒಂದೊಂದಾಗಿ ಒಳಗಿಡಲು ಹೊರಟರು. ರಸ್ತೆಯಲ್ಲೇ ಉಳಿದಿದ್ದ ನಾಲ್ಕನೆಯದನ್ನು ಮೊದಲು ಎತ್ತಿದರು. ಬಿಸಿಲಿಗೆ ಒಣಗಿ ಪೆಡಸಾಗಿದ್ದ ಹಳೇ ಚೀಲ. ಹೊಸ್ತಿಲು ದಾಟಿ, ದೀಪದ ಹತ್ತಿರ ಮೂಲೆಗೆ ಎಳೆಯುವಾಗ ಅದರ ಹೊಟ್ಟೆ ಉದ್ದಕ್ಕೂ ಬಿರಿಯಿತು.

ಜೋಳದ ಕಾಳು ಸುರಿದಂಥ ಸದ್ದು. ಸ್ಪ್ರಿಂಗು, ವಾಷರು, ಸ್ಕ್ರೂ, ಸಾಸಿವೆಯಂಥ ಗುಂಡುಗಳು, ಒದ್ದೆ ನೆಲದ ತುಂಬ. ಕೆಲವು ದೀಪದ ತಟ್ಟೆಯವರೆಗೆ ಉರುಳಿ ನಿಂತವು. ಸೇತುರಾಮ ಪ್ಯಾಂಟು ಎತ್ತಿಕೊಂಡು ಮೊಣಕಾಲೂರಿ ಕೂತರು. ಕನ್ನಡಕ ಮೇಲೇರಿಸಿ, ಒಂದನ್ನು ಆರಿಸಿ ತೋರಿಸಿದರು.

“ಇದು ನಂದಾ?”

ಅವಳು ಬೆಳಕಿಗೆ ಹಿಡಿದು ನೋಡಿದಳು. “ಅಲ್ಲ ಅನ್ಸುತ್ತೆ ಸಾರ್.”

“ಇದು?”

“ಇರಬೋದು. ಗೊತ್ತಿಲ್ಲ.”

ಹೀಗೆ ಒಂದು ಗಂಟೆ ಕಳೆಯಿತು. ಗೋಡೆಯ ಕಡೆ ಎರಡು ಸಣ್ಣ ಗುಂಪುಗಳಾಗಿದ್ದವು. ಒಂದು, ಇರಬಹುದಾದದ್ದು. ಇನ್ನೊಂದು, ಅಲ್ಲವೆನ್ನಿಸಿದ್ದು. ನೆಲ ಬರಿದಾದಂತೇನೂ ಕಾಣಲಿಲ್ಲ. ಅಷ್ಟರಲ್ಲಿ ಬೀದಿಯ ನಲ್ಲಿಯ ಹತ್ತಿರ ಗಂಡಸರ ಮಾತು ಕೇಳಿಸಿತು. ಚಿತಾಗಾರದಿಂದ ಬಂದವರು ಕಾಲು ತೊಳೆಯುತ್ತಿದ್ದರು.

ಲತಾ ಬಾಗಿಲಿಗೆ ಅಡ್ಡ ನಿಂತಳು. “ಮಾವ, ಐದು ನಿಮಿಷ. ನೆಲದಲ್ಲಿ ಸಾಮಾನು ಬಿದ್ದಿದೆ.”

“ದೀಪ ನೋಡ್ದೆ ಯಾರೂ ಅವ್ರವ್ರ ಮನೆಗೆ ಹೋಗಂಗಿಲ್ಲ ಕಣವ್ವ,” ಎಂದ ಸುಬ್ರಮಣಿ. ಅವನ ದನಿ ಒಣಗಿತ್ತು. “ಇಪ್ಪತ್ತೈದು ಜನ ಬೆಳಿಗ್ಗೆಯಿಂದ ಹಸ್ಕೊಂಡು ನಿಂತವ್ರೆ. ಸರಿ ಅತ್ಲಾಗೆ.”

“ಹೊಸ್ತಿಲಲ್ಲೇ ನಿಂತು ನೋಡಿದ್ರೆ ಆಗಲ್ವಾ?”

“ದೀಪ ಬಾಗಿಲ ಹಿಂದೈತೆ. ಬಗ್ಗಿ ಕೈ ಮುಗೀಬೇಡ್ವಾ?”

ಅವಳು ಸರಿದಳು. ಅವರು ಒಳಗೆ ಬಂದರು. ಒಬ್ಬರ ಹಿಂದೊಬ್ಬರು, ತಲೆ ತಗ್ಗಿಸಿ, ಸದ್ದಿಲ್ಲದೆ. ಒದ್ದೆ ಪಾದಗಳು ನೆಲದ ಮೇಲೆ ಒತ್ತಿ ಎದ್ದವು. ಬಗ್ಗಿ ಕೈ ಮುಗಿದರು. ತಿರುಗಿ ಹೊರಗೆ ನಡೆದರು. ಒಬ್ಬನಿಗೆ ಏನೋ ಚುಚ್ಚಿ, ಮೆಟ್ಟಿಲಿಗೆ ಹಿಮ್ಮಡಿ ಉಜ್ಜಿ ಚಪ್ಪಲಿ ಮೆಟ್ಟಿಕೊಂಡ. ಮಿಕ್ಕವರಿಗೆ ಗೊತ್ತೂ ಆಗಲಿಲ್ಲ.

ಸೇತುರಾಮ ಹೊಸ್ತಿಲ ಹೊರಗೆ ಹೋಗಿ ಕುಕ್ಕರುಗಾಲಲ್ಲಿ ಕೂತರು. ಹೊರಬಂದವನ ಪಾದಕ್ಕೆ ಕೈ ಚಾಚಿದರು. ಅವನು ಗಾಬರಿಯಾಗಿ ಹಿಂದೆ ಹಾರಿದ. “ಏನ್ ಸಾರ್ ಇದು, ದೊಡ್ಡೋರು ನೀವು. ನನ್ನ ಕಾಲಿಗೆ ಬೀಳ್ತೀರಾ?”

“ಇಲ್ಲಪ್ಪ, ಕಾಲು ಸ್ವಲ್ಪ ಎತ್ತು...”

“ಬೇಡ ಸಾರ್, ಬೇಡ,” ಎಂದು ಅವನು ಅವರನ್ನು ಬಳಸಿ ದಾಟಿ ಬಿರಬಿರನೆ ಮಾಗಡಿ ರಸ್ತೆಯ ಕಡೆ ನಡೆದ. ಮುಂದಿನವನೂ ಹಾಗೇ. ಅದರ ಮುಂದಿನವನು ಬಗ್ಗಿ ತಾನೇ ಮೇಷ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ಕೊನೆಗೆ ಬಂದವನು ರೇವಂತ್. ದೀಪಕ್ಕೆ ಕೈ ಮುಗಿದು ತಿರುಗಿದಾಗ ಅವನಿಗೆ ನೆಲ ಕಾಣಿಸಿತು. ಗೋಡೆಯ ಬಳಿಯ ಎರಡು ಗುಂಪುಗಳು ಕಾಣಿಸಿದವು. ತುಳಿಸಿಕೊಂಡು ಅವು ಒಂದೇ ಆಗಿದ್ದವು.

ಲತಾ ಅವನ ಮುಂದೆ ಕೂತಳು. “ಎತ್ತು,” ಎಂದಳು.

ಅವನು ಬಲಗಾಲು ಎತ್ತಿದ. ಆಯ ತಪ್ಪದಿರಲೆಂದು ಅವಳ ತಲೆಯ ಮೇಲೆ ಕೈಯಿಟ್ಟುಕೊಂಡ. ಹಿಮ್ಮಡಿಯ ಒದ್ದೆ ಚರ್ಮಕ್ಕೆ ಒಂದು ತೆಳ್ಳನೆ ವಾಷರ್ ಅಂಟಿತ್ತು. ಅವಳು ಅದನ್ನು ಉಗುರಿನಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಅವನು ಕಾಲು ಕೆಳಗಿಡಲು ಜಾಗ ಹುಡುಕಿದ. ಇರಲಿಲ್ಲ. ಒಂಟಿಕಾಲಿನಲ್ಲೇ ನಿಂತಿದ್ದ.